ಪಾತ್ರೆಯ ಅಡಿಯ ಹೆಸರು

ಇದನ್ನು ಹೇಳುವ ಹಕ್ಕು ನನಗಿದೆಯೇ ಎಂಬುದು ನನಗೇ ಖಾತ್ರಿಯಿಲ್ಲ. ಮನೆ ನನ್ನ ತಮ್ಮನದು, ದುಃಖ ಅವನ ಹೆಂಡತಿಯದು, ಉಪಾಯ ನನ್ನ ಅಮ್ಮನದು. ಒಂದು ಬಿಸಿ ಪಾತ್ರೆಯನ್ನು ಅಡುಗೆಮನೆಯಿಂದ ಜಗಲಿಗೆ ಒಯ್ದದ್ದಷ್ಟೇ ನನ್ನ ಪಾಲು. ಆದರೂ ಆ ಇಪ್ಪತ್ತು ಹೆಜ್ಜೆಗಳನ್ನು ಯಾರಿಗೂ ಹೇಳದೆ ಇರಲು ಆಗುತ್ತಿಲ್ಲ. ಎಲ್ಲಾದರೂ ತಪ್ಪಿ ಹೇಳಿದ್ದರೆ ಮನೆಯವರು ಕ್ಷಮಿಸಬೇಕು.

ನಾನು ಆರ್ಲಾ ಬಕ್ಕೆನ್. ಮಿನ್ನೆಸೋಟದ ಪಶ್ಚಿಮದ ಅಂಚಿನಲ್ಲಿ, ನದಿ ದಾಟಿದರೆ ಬೇರೆ ರಾಜ್ಯ ಎನ್ನುವಂಥ ಊರಲ್ಲಿ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಮದುವೆಯಾಗಲಿಲ್ಲ. ತಮ್ಮ ಲೋವೆಲ್‌ನ ಮನೆಯ ಮಾಳಿಗೆಯ ಕೋಣೆ ನನ್ನದು. ಕೆಳಗಿನ ಕೋಣೆಯಲ್ಲಿ ಅಮ್ಮ ಸೆಲ್ಮಾ ಇರುತ್ತಾಳೆ. ಆಗ ಅವಳಿಗೆ ಎಂಬತ್ಮೂರು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದಕ್ಕೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತಿತ್ತು. ಲೋವೆಲ್‌ನ ಹೆಂಡತಿ ಜಾನೆಲ್ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುತ್ತಾಳೆ. ಇವರ ಒಬ್ಬಳೇ ಮಗಳು ಕ್ರಿಸ್ಟಾ. ಆ ವರ್ಷ ಅವಳಿಗೆ ಇಪ್ಪತ್ತೊಂದು.

ಕ್ರಿಸ್ಟಾ ಊರಾಚೆಯ ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿದ್ದಳು. ಮುದುಕರನ್ನು ಎತ್ತಿ ಇಳಿಸಿ ಬೆನ್ನು ಹಿಡಿದುಕೊಂಡಿತು. ಡಾಕ್ಟರು ನೋವಿನ ಮಾತ್ರೆ ಕೊಟ್ಟರು. ಬೆನ್ನು ಸರಿಹೋಯಿತು, ಮಾತ್ರೆಯ ಅಗತ್ಯ ಹೋಗಲಿಲ್ಲ. ಮುದುಕರಿಗೆ ಕೊಡಬೇಕಾದ ಮಾತ್ರೆಗಳನ್ನು ತಾನು ನುಂಗಿ, ಅವರ ಬಟ್ಟಲಿಗೆ ಅದೇ ಬಣ್ಣದ ವಿಟಮಿನ್ ಮಾತ್ರೆ ಹಾಕತೊಡಗಿದಳು. ಹಾಗೆ ಮೋಸಹೋದವರಲ್ಲಿ ಸೊಂಟ ಮುರಿದ ಹಿಲ್ಡಾ ಒಬ್ಬಳು. ಹಿಲ್ಡಾ ಎಂದರೆ ಓಪಲ್ ಲಿಂಡಾಲ್‌ಳ ತಾಯಿ. ಓಪಲ್ ಎಂದರೆ ಚರ್ಚಿನಲ್ಲಿ ಇಪ್ಪತ್ತು ವರ್ಷದಿಂದ ನಮ್ಮ ಮುಂದಿನ ಬೆಂಚಿನಲ್ಲಿ ಕೂರುವವಳು.

ಅಕ್ಟೋಬರ್ ಮೊದಲ ವಾರ ವಿಷಯ ಬಯಲಾಯಿತು. ಓಪಲ್ ತಾಯಿಯನ್ನು ಮನೆಗೆ ಕರೆದುಕೊಂಡು ಹೋದಳು. ನ್ಯಾಯಾಧೀಶರು ಕ್ರಿಸ್ಟಾಳನ್ನು ಇಪ್ಪತ್ತೆಂಟು ದಿನದ ಚಿಕಿತ್ಸೆಗೆ ದಕ್ಷಿಣದ ಒಂದು ಕೇಂದ್ರಕ್ಕೆ ಕಳಿಸಿದರು. ಮೊದಲ ಭಾನುವಾರ ಅವಳಿಗೆ ಫೋನ್ ಮಾಡಲು ಹತ್ತು ನಿಮಿಷ ಸಿಕ್ಕಿತು.

"ಇಪ್ಪತ್ತೆಂಟು ದಿನ ಆದ್ಮೇಲೆ ನಾನು ಅಲ್ಲಿಗೆ ಬರಲ್ಲ ಅಮ್ಮ. ಇಲ್ಲೇ ಯಾರೋ ರೂಮು ಕೊಡಿಸ್ತಾರಂತೆ."

"ಅಲ್ಲಿಗೆ ಅಂದ್ರೆ ಎಲ್ಲಿಗೆ? ನಿನ್ನ ಮನೆ ಕಣೆ ಇದು."

"ಆ ಊರಿಗೆ. ಓಪಲ್ ಆಂಟಿ ಎದುರಿಗೆ ಬಂದ್ರೆ ನಾನು ಎಲ್ಲಿ ಹೋಗ್ಲಿ?"

ಜಾನೆಲ್ ಫೋನ್ ಇಟ್ಟು ಬಂದು ಫ್ರೀಜರ್ ತೆರೆದಳು. ಅದರಲ್ಲಿದ್ದ ಬಟಾಣಿ, ಕೋಳಿ, ಮೀನಿನ ಪೊಟ್ಟಣಗಳನ್ನೆಲ್ಲ ನೆಲಮಾಳಿಗೆಯ ಹಳೇ ಫ್ರೀಜರ್‌ಗೆ ಸಾಗಿಸಿದಳು.

ಲೋವೆಲ್ ಸಕ್ಕರೆ ಬೀಟ್ ಗೆಡ್ಡೆಯ ಕೊಯ್ಲಿನ ಲಾರಿ ಓಡಿಸುತ್ತಿದ್ದ ಕಾಲ. ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಆರಕ್ಕೆ ಮಣ್ಣು ಮೆತ್ತಿಕೊಂಡು ಬರುತ್ತಿದ್ದ. ಮಂಜುಗಡ್ಡೆಗೆಂದು ಫ್ರೀಜರ್ ತೆರೆದವನು ಕೇಳಿದ, "ಇದ್ಯಾಕೆ ಖಾಲಿ?"

"ಯಾರಾದ್ರೂ ಏನಾದ್ರೂ ತಂದ್ರೆ ಇಡೋಕೆ ಜಾಗ ಬೇಕಲ್ಲ."

ಲೋವೆಲ್ ನನ್ನ ಕಡೆ ನೋಡಿದ. ನಾನು ತಟ್ಟೆ ಒರೆಸುತ್ತಿದ್ದೆ.

ನಮ್ಮಲ್ಲಿ ಯಾವ ಮನೆಗೆ ಕಷ್ಟ ಬಂದರೂ ಮೊದಲು ಬರುವುದು ಹಾಟ್‌ಡಿಶ್. ದನದ ಕೈಮಾ, ಡಬ್ಬಿಯ ಸೂಪು, ಆಲೂಗಡ್ಡೆ, ಚೀಸ್, ಎಲ್ಲ ಒಂದೇ ಪಾತ್ರೆಯಲ್ಲಿ ಓವನ್ನಿನಲ್ಲಿ ಬೆಂದು, ಟವೆಲ್ ಸುತ್ತಿಕೊಂಡು ಬಾಗಿಲಿಗೆ ಬರುತ್ತದೆ. ಪಾತ್ರೆಯ ಅಡಿಯಲ್ಲಿ ಅಂಟುಪಟ್ಟಿ, ಅದರ ಮೇಲೆ ತಂದವರ ಹೆಸರು. ತಿಂದು, ತೊಳೆದು, ಹೆಸರು ನೋಡಿ ಹಿಂದಿರುಗಿಸಬೇಕು. ಖಾಲಿ ಕೊಡಬಾರದು. ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆದಾಗ ವಾರವಿಡೀ ಒಲೆ ಹಚ್ಚಿರಲಿಲ್ಲ. ಅಪ್ಪ ತೀರಿಕೊಂಡಾಗ ಪಕ್ಕದ ಮನೆಯವರ ಫ್ರಿಜ್ಜನ್ನೂ ಎರವಲು ಪಡೆದಿದ್ದೆವು. ಈ ಸಲ ಒಂದು ವಾರವಾಯಿತು, ಹತ್ತು ದಿನವಾಯಿತು. ಯಾರೂ ಬರಲಿಲ್ಲ.

ಜಾನೆಲ್ ಸಂಜೆ ಮೊಟ್ಟೆ ಬೇಯಿಸಿ ಬ್ರೆಡ್ಡಿನ ಜೊತೆ ನಮಗೆ ಇಡುತ್ತಿದ್ದಳು. ತಾನು ಕಾಫಿ ಕುಡಿಯುತ್ತಿದ್ದಳು. ಕುರ್ಚಿಯನ್ನು ಮುಂಬಾಗಿಲು ಕಾಣುವಂತೆ ತಿರುಗಿಸಿಕೊಂಡಿದ್ದಳು.

"ಯಾರೂ ತರಲ್ಲ ಕಣೆ," ಎಂದ ಲೋವೆಲ್ ಒಂದು ಸಂಜೆ. "ಹಾರ್ಟ್ ನಿಂತ್ರೆ ತರ್ತಾರೆ. ಕಾಲು ಮುರಿದ್ರೆ ತರ್ತಾರೆ. ಇಂಥದಕ್ಕೆ ತರಲ್ಲ."

"ಇದೂ ಕಾಯಿಲೇನೇ ಅಂತ ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರು ಹಾಟ್‌ಡಿಶ್ ಮಾಡಲ್ಲ."

"ನಿನಗೆ ಎಲ್ಲಾ ತಮಾಷೆ."

"ತಮಾಷೆ ಮಾಡ್ದೆ ಏನು ಮಾಡ್ಲಿ? ಹನ್ನೆರಡು ಗಂಟೆ ಲಾರೀಲಿ ಒಬ್ಬನೇ ಕೂತಿರ್ತೀನಿ. ಬೀಟ್‌ಗಳ ಹತ್ರ ಅಳ್ಲಾ?"

ಅಮ್ಮ ತಟ್ಟೆಯಲ್ಲಿ ಮೊಟ್ಟೆಯನ್ನು ಬೆರಳಿನಿಂದ ಹುಡುಕುತ್ತ ಹೇಳಿದಳು, "ಇವತ್ತೂ ಮೊಟ್ಟೇನೇ. ಇನ್ನು ನಾಲ್ಕು ದಿನ ಹೀಗೇ ಆದ್ರೆ ನಾನು ಕೊಕ್ಕೊಕ್ಕೋ ಅಂತೀನಿ." ಯಾರೂ ನಗಲಿಲ್ಲ. ಜಾನೆಲ್ ಎದ್ದು ಹೋಗಿ ಜಗಲಿಯ ದೀಪ ಹಾಕಿ ಬಂದಳು.

ಮೂರನೆಯ ವಾರದ ಬುಧವಾರ ಶಾಲೆಯಿಂದ ಎರಡೂವರೆಗೆ ಮನೆಗೆ ಬಂದೆ. ಬಾಗಿಲು ತೆಗೆದರೆ ಈರುಳ್ಳಿ ಕೆಂಪಗಾಗುವ ಘಮ. ಅಮ್ಮ ಒಲೆಯ ಮುಂದೆ ನಿಂತು ಕೈಮಾ ಹುರಿಯುತ್ತಿದ್ದಳು. ಕಣ್ಣು ಹೋದ ಮೇಲೆ ಅವಳು ಒಲೆ ಮುಟ್ಟಿರಲಿಲ್ಲ.

"ಅಮ್ಮ, ಇದೇನು? ಸುಟ್ಟುಕೊಂಡ್ರೆ?"

"ಕೈಮಾ ಬೆಂದಿದ್ದು ಕಣ್ಣಿಗೆ ಗೊತ್ತಾಗಲ್ಲ, ಕಿವಿಗೆ ಗೊತ್ತಾಗುತ್ತೆ. ಚಟಪಟ ನಿಂತಿತು ನೋಡು. ಡಬ್ಬಿ ತೆರೆದುಕೊಡು."

ನಾನು ಅಣಬೆ ಸೂಪಿನ ಎರಡು ಡಬ್ಬಿ ತೆರೆದುಕೊಟ್ಟೆ. ಅದನ್ನು ಕೈಮಾಕ್ಕೆ ಸುರಿದು, ಹುರುಳಿಕಾಯಿ ಸೇರಿಸಿ, ಉಪ್ಪು ನೋಡಿ, ಒಂದು ಗಾಜಿನ ಪಾತ್ರೆಗೆ ಹಾಕಿದಳು. ಅದರ ಮೇಲೆ ಹುರಿದ ಆಲೂಗಡ್ಡೆಯ ಪುಟ್ಟ ಉಂಡೆಗಳನ್ನು ಒಂದೊಂದಾಗಿ ಬೆರಳಿನಲ್ಲಿ ಅಳೆದು ಸಾಲಾಗಿ ಜೋಡಿಸಿದಳು. ಸಾಲು ಎಲ್ಲೂ ಸೊಟ್ಟಗಿರಲಿಲ್ಲ. ಕೊನೆಗೆ ಚೀಸ್ ತುರಿಯನ್ನು ಮುಷ್ಟಿ ಮುಷ್ಟಿಯಾಗಿ ಮೇಲೆ ಉದುರಿಸಿದಳು.

"ಚೀಸ್ ಮೇಲೇ ಇರ್ಬೇಕು," ಎಂದಳು. "ಓಪಲ್ ಥರ ಆಲೂಗಡ್ಡೆ ಕೆಳಗೆ ಬಚ್ಚಿಡೋರೂ ಇದಾರೆ. ಬಚ್ಚಿಡೋಕೆ ಅದೇನು ಒಡವೇನಾ?"

"ನೀನು ಮಾಡಿದ್ರೆ ಜಾನೆಲ್ ತಿನ್ನಲ್ಲಮ್ಮ. ಮೊನ್ನೆ ನಾನು ಸಾರು ಮಾಡಿದ್ದೆ, ಮುಟ್ಟಿದ್ಲಾ?"

"ನಾನು ಮಾಡಿದ್ದು ಅಂತ ಯಾರು ಹೇಳ್ತಾರೆ?"

ಆಗ ಅರ್ಥವಾಯಿತು. ಪಾತ್ರೆ ನಮ್ಮದಲ್ಲ. ನೆಲಮಾಳಿಗೆಯ ಕಪಾಟಿನಲ್ಲಿ, ಅಪ್ಪನ ಅಂತ್ಯಸಂಸ್ಕಾರದ ಊಟದ ನಂತರ ಹಿಂದಿರುಗಿಸದೆ ಉಳಿದಿದ್ದ ಯಾರದೋ ಪಾತ್ರೆ. ಇದು ನಮ್ಮ ಕಡೆ ಸಣ್ಣ ಅವಮಾನವಲ್ಲ. ಅಮ್ಮ ಅದನ್ನು ಐದು ವರ್ಷದಿಂದ ಬಾಯಿಬಿಟ್ಟು ಹೇಳಿರಲಿಲ್ಲ.

"ಅಡೀಲಿ ಪಟ್ಟಿ ಇದೆ, ಮುಟ್ಟಿ ನೋಡಿದೀನಿ. ಯಾರದಾದ್ರೇನು. ಯಾರೋ ಒಬ್ಬರು ಬಂದು ಇಟ್ಟು ಹೋದ್ರು ಅಷ್ಟೆ. ಆ ಹುಡುಗಿ ಒಂದು ತುತ್ತು ತಿನ್ಲಿ."

ನಾನು ಶಾಲೆಯಲ್ಲಿ ಪ್ರತಿ ಪಾತ್ರೆಯ ಬಿಸಿಯನ್ನು ಎರಡು ಸಲ ಅಳೆಯುವವಳು. ಬೀಗ ಹಾಕಿದ ಬಾಗಿಲನ್ನು ಮತ್ತೆ ಎಳೆದು ನೋಡುವವಳು. ಆ ದಿನ ಮಾತ್ರ ಪಾತ್ರೆಯ ಅಡಿ ನೋಡಲಿಲ್ಲ. ಓವನ್ನಿನಿಂದ ತೆಗೆದಾಗ ಅದು ಕುದಿಯುತ್ತಿತ್ತು, ತುಂಬಿತ್ತು, ಟವೆಲ್ ಸುತ್ತಿತ್ತು. ಐದು ಗಂಟೆಗೆ ಹತ್ತು ನಿಮಿಷವಿತ್ತು. ಒಯ್ದು ಜಗಲಿಯ ಮೇಲಿಟ್ಟು, ಹಿಂಬಾಗಿಲಿನಿಂದ ಒಳಗೆ ಬಂದು, ಮಾಳಿಗೆ ಹತ್ತಿ ಮಂಚದ ಮೇಲೆ ಕುಳಿತೆ.

ಜಾನೆಲ್‌ಳ ಕಾರು ನಿಂತಿತು. ಕಾರಿನ ಬಾಗಿಲು ಮುಚ್ಚಿದ ಸದ್ದು. ಜಗಲಿಯ ಮೆಟ್ಟಿಲ ಮೇಲೆ ಹೆಜ್ಜೆ. ಆಮೇಲೆ, "ಅತ್ತೆ. ಅತ್ತೆ. ಯಾರೋ ಬಂದಿದ್ರು."

ಆ ಸಂಜೆ ಅವಳು ಎರಡು ಸಲ ಬಡಿಸಿಕೊಂಡಳು. ಚೀಸ್ ಎಳೆ ಎಳೆಯಾಗಿ ಚಮಚದಿಂದ ತಟ್ಟೆಗೆ ಇಳಿಯುತ್ತಿತ್ತು. ಲೋವೆಲ್ ಕೈ ಸರಿಯಾಗಿ ತೊಳೆಯದೆ ಕುಳಿತ. ಅವಳು ಬೈಯಲಿಲ್ಲ. "ಹದವಾಗಿದೆ," ಎಂದಳು. ಅಮ್ಮ ಮುಖ ತಗ್ಗಿಸಿ, "ಉಪ್ಪು ಒಂಚೂರು ಮುಂದಾಗಿದೆ," ಎಂದಳು.

ಮಾರನೆಯ ದಿನ ಉಳಿದದ್ದನ್ನು ಬಿಸಿ ಮಾಡಿ ತಿಂದೆವು. ಜಾನೆಲ್ ಖಾಲಿ ಪಾತ್ರೆಯನ್ನು ತೊಟ್ಟಿಯಲ್ಲಿ ತೊಳೆದು ಮಗುಚಿದಳು. ನೀರು ಹರಿಯುತ್ತಲೇ ಇತ್ತು.

"ಓಪಲ್," ಎಂದಳು. "ಓಪಲ್ ಲಿಂಡಾಲ್."

ಪಟ್ಟಿ ಬಿಸಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಅಕ್ಷರ ಸ್ಪಷ್ಟವಾಗಿತ್ತು. ನಾನು ನಲ್ಲಿ ನಿಲ್ಲಿಸಿದೆ. ಅಮ್ಮನ ಕಡೆ ನೋಡಿದೆ. ಅವಳು ಕಾಫಿ ಬಟ್ಟಲನ್ನು ತಟ್ಟೆಯ ಮೇಲಿಟ್ಟು ಪಕ್ಕಕ್ಕೆ ಸರಿಸಿದಳು.

"ಊರೆಲ್ಲಾ ಬಿಟ್ಟು ಅವಳು ಬಂದ್ಲು," ಎಂದಳು ಜಾನೆಲ್. "ಕ್ರಿಸ್ಟಾಗೆ ಬರೀಬೇಕು."

ಅಲ್ಲೇ ಮೇಜಿನ ಮೇಲಿದ್ದ ಲಕೋಟೆಯ ಹಿಂಭಾಗದಲ್ಲಿ ಶುರುಮಾಡಿದಳು. ಅಂಚೆ ಕಚೇರಿಯವಳಾದ್ದರಿಂದ ಅದು ಮರುದಿನವೇ ಹೊರಟಿತು.

ನಾನು ಅಮ್ಮನನ್ನು ಬಟ್ಟೆ ಮಡಿಸುವ ನೆಪದಲ್ಲಿ ಕೆಳಗಿನ ಕೋಣೆಗೆ ಕರೆದೊಯ್ದೆ.

"ಹೇಳಿಬಿಡೋಣಮ್ಮ."

"ಹೇಳು. ಹೇಳಿದ್ರೆ ಅವಳು ತಿಂದಿದ್ದು ಹೊರಗೆ ಬರುತ್ತೆ."

"ನಾಳೆ ಓಪಲ್ಲೇ ಹೇಳ್ತಾಳೆ, ನಾನು ತಂದಿಲ್ಲ ಅಂತ. ಆಗ?"

"ನಾನು ಹುಡುಕಿ ಅವಳದ್ದೇ ತೆಗೆದೆ ಅಂದ್ಕೊಂಡ್ಯಾ? ಆ ಕಪಾಟಿನಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ." ಅಮ್ಮ ಒಂದೇ ಕಾಲುಚೀಲವನ್ನು ಮೂರು ಸಲ ಮಡಿಸಿದಳು. "ನಿನಗೆ ಕಣ್ಣಿತ್ತಲ್ಲ ಆರ್ಲಾ. ನೀನು ನೋಡ್ಬೋದಿತ್ತು."

ನಾನು ಉಳಿದ ಕಾಲುಚೀಲಗಳಿಗೆ ಜೋಡಿ ಹುಡುಕಿ ಮಡಿಸಿದೆ.

ಮುಂದಿನ ವಾರ ಕ್ರಿಸ್ಟಾಳ ಪತ್ರ ಬಂತು. ಜಾನೆಲ್ ಅದನ್ನು ಊಟದ ಹೊತ್ತಿಗೆ ಓದಿದಳು. ನಿಜವಾಗಿ ಓಪಲ್ ಆಂಟಿಯೇ ತಂದರಾ, ಏನಾದರೂ ಹೇಳಿದರಾ, ಅಜ್ಜಿ ತಿಂದಳಾ ಎಂದೆಲ್ಲ ಕೇಳಿದ್ದಳು. ಕೊನೆಯಲ್ಲಿ, ಹಾಗಿದ್ದರೆ ಗುರುವಾರ ಬಸ್ಸಿಗೆ ಬರುತ್ತೇನೆ, ಆದರೆ ಉಳಿಯುತ್ತೇನೆ ಅಂತ ಈಗಲೇ ಹೇಳಲಾರೆ ಎಂದು ಬರೆದಿದ್ದಳು. ಲೋವೆಲ್ ಪತ್ರ ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿದ. ಅವನ ಹೆಬ್ಬೆರಳಿನ ಮಣ್ಣು ಹಾಳೆಗೆ ಹತ್ತಿತು.

"ಪಾತ್ರೆ ವಾಪಸ್ ಕೊಡ್ಬೇಕು," ಎಂದಳು ಜಾನೆಲ್. "ಅವಳು ಬರೋಕೆ ಮುಂಚೆ."

ಶನಿವಾರ ಸೇಬು ಹೆಚ್ಚಿ, ದಾಲ್ಚಿನ್ನಿ ಹಾಕಿ, ಅದೇ ಪಾತ್ರೆಯಲ್ಲಿ ಸಿಹಿ ಬೇಯಿಸಿದಳು. ನನ್ನನ್ನು ಕರೆದಳು. "ನೀನೂ ಬಾ. ನಾನು ಕಾರು ಓಡಿಸ್ಬೇಕು, ಪಾತ್ರೆ ನೀನು ಹಿಡ್ಕೊ." ಕಾರಿನಲ್ಲಿ ಪಾತ್ರೆ ನನ್ನ ತೊಡೆಯ ಮೇಲೆ ಬೆಚ್ಚಗಿತ್ತು. ಧಾನ್ಯದ ಗೋದಾಮು ದಾಟುವಾಗ ಹೇಳಬೇಕೆಂದುಕೊಂಡೆ. ರೈಲು ಹಳಿಯ ಹತ್ತಿರ, "ಜಾನೆಲ್," ಎಂದೆ.

"ಏನು?"

"ನಿಧಾನ. ಹಳಿ."

ಅಷ್ಟೇ ಹೇಳಿದೆ.

ಓಪಲ್ ಬಾಗಿಲು ತೆಗೆದಳು. ಏಪ್ರನ್ ಕಟ್ಟಿದ್ದಳು, ಕನ್ನಡಕ ಹಣೆಯ ಮೇಲಿತ್ತು. ಒಳಗೆ ಟೀವಿ ಜೋರಾಗಿತ್ತು. ಅದರ ಮೇಲೆ ಮುದುಕಿ ಹಿಲ್ಡಾ ಯಾರನ್ನೋ ಕರೆಯುತ್ತಿದ್ದಳು. ಜಾನೆಲ್ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ಚಾಚಿದಳು.

ಓಪಲ್ ಅದನ್ನು ಎತ್ತರಕ್ಕೆ ಹಿಡಿದು, ಕನ್ನಡಕ ಇಳಿಸಿ, ಅಡಿಯ ಹೆಸರು ಓದಿದಳು. ಅವಳದೇ ಕೈಬರಹ. ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ನನ್ನನ್ನು ನೋಡಿದಳು. ನಾನು ಅವಳ ಚಪ್ಪಲಿ ನೋಡುತ್ತಿದ್ದೆ.

"ಸೆಲ್ಮಾ ಹೇಗಿದಾರೆ? ಕಣ್ಣು?"

"ಒಂದು ಹೋಯ್ತು. ಇನ್ನೊಂದು ಹೋಗ್ತಾ ಇದೆ," ಎಂದೆ.

"ಹೂಂ." ಜಾನೆಲ್ ಕಡೆ ತಿರುಗಿದಳು. "ಎಲ್ಲರೂ ತಿಂದ್ರಾ?"

"ತಿಂದ್ವಿ."

"ಚೀಸ್ ಸಾಕಾಗಿತ್ತಾ?"

"ಸಾಕಾಗಿತ್ತು," ಎಂದಳು ಜಾನೆಲ್. "ಮೇಲೆಲ್ಲಾ ತುಂಬಾ ಇತ್ತು."

ಓಪಲ್ ಪಾತ್ರೆಯನ್ನು ಏಪ್ರನ್ನಿಗೆ ಒತ್ತಿ ಹಿಡಿದಳು. ಅವಳು ಹುಟ್ಟಿದಾಗಿನಿಂದ ಚೀಸ್ ಮೇಲೆ ಹಾಕಿದವಳಲ್ಲ. ಚರ್ಚಿನ ಊಟದ ಮೇಜಿನಲ್ಲಿ ಇಪ್ಪತ್ತು ವರ್ಷ ಅವಳ ಪಾತ್ರೆಯಿಂದ ಬಡಿಸಿಕೊಂಡ ಜಾನೆಲ್‌ಗೆ ಅದು ಗೊತ್ತಿಲ್ಲದೆಯೂ ಇಲ್ಲ.

"ಅಮ್ಮ ಮೂರು ವಾರ ನರಳಿದ್ಲು," ಎಂದಳು ಓಪಲ್. "ಸುಮ್ನೆ ನಾಟಕ ಅಂದ್ಕೊಂಡು ನಾನೂ ಗದರಿಸಿದೆ. ಅದು ನನ್ನ ಮನಸ್ಸಿಂದ ಹೋಗ್ತಾ ಇಲ್ಲ."

"ಗೊತ್ತು," ಎಂದಳು ಜಾನೆಲ್. "ಕ್ರಿಸ್ಟಾ ಗುರುವಾರ ಬರ್ತಾಳೆ."

ಒಳಗಿನಿಂದ ಹಿಲ್ಡಾ ಮತ್ತೆ ಕರೆದಳು. ಓಪಲ್, "ಸೇಬಿಗೆ ಥ್ಯಾಂಕ್ಸ್," ಎಂದು ಬಾಗಿಲು ಮುಚ್ಚಿದಳು. ಒಳಗೆ ಕರೆಯಲಿಲ್ಲ.

ಕಾರಿನಲ್ಲಿ ಜಾನೆಲ್ ಕೀಲಿ ಹಾಕಿ ತಿರುಗಿಸದೆ ಕುಳಿತಿದ್ದಳು. "ಇಷ್ಟು ದಿನದಲ್ಲಿ ಯಾರೂ ನನ್ನ ಮುಂದೆ ಕ್ರಿಸ್ಟಾ ಮಾಡಿದ್ದನ್ನ ಹೇಳಿರ್ಲಿಲ್ಲ. ಹವಾ ಹೇಗಿದೆ, ಸ್ಟಾಂಪ್ ಕೊಡಿ, ಇಷ್ಟೇ." ಆಮೇಲೆ ಕಾರು ಹೊರಡಿಸಿದಳು. ಹಳಿಯ ಹತ್ತಿರ ತಾನಾಗಿಯೇ ನಿಧಾನ ಮಾಡಿದಳು.

ಗುರುವಾರ ಮೊದಲ ಹಿಮ ಬಿತ್ತು. ಕ್ರಿಸ್ಟಾ ಬಸ್ಸಿನಿಂದ ಇಳಿದಾಗ ಕೋಟು ಅವಳಿಗೆ ದೊಡ್ಡದಾಗಿ ಕಂಡಿತು. ಮನೆಗೆ ಬಂದು ಚೀಲವನ್ನು ಬಾಗಿಲ ಪಕ್ಕದಲ್ಲೇ ಇಟ್ಟಳು. ಜಾನೆಲ್ ಎರಡು ಸಲ ಅದನ್ನು ಒಳಗೊಯ್ಯಲು ಹೋದಳು. "ಇರ್ಲಿ ಅಮ್ಮ," ಎಂದಳು ಎರಡು ಸಲವೂ. ಅಮ್ಮ ಮೊಮ್ಮಗಳ ಮುಖವನ್ನು ಎರಡು ಕೈಯಲ್ಲೂ ಮುಟ್ಟಿ ನೋಡಿ, "ಮೂಗು ಮಾತ್ರ ಉಳಿದಿದೆ," ಎಂದಳು. ಕ್ರಿಸ್ಟಾ ನಕ್ಕಳು. ಆ ಮನೆಯಲ್ಲಿ ತಿಂಗಳಿಂದ ಕೇಳದ ಸದ್ದು ಅದು.

"ನಾನು ಓಪಲ್ ಆಂಟಿ ಹತ್ರ ಹೋಗಿ ಬರ್ತೀನಿ."

"ಈಗಲೇನಾ? ಊಟ ಮಾಡಿ ಹೋಗು," ಎಂದ ಲೋವೆಲ್. ಬೀಟ್ ಕೊಯ್ಲು ಮುಗಿದಿತ್ತು. ಅವನು ಬೆಳಿಗ್ಗೆಯಿಂದ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತಿದ್ದ. "ನಾನು ಬಿಡ್ತೀನಿ ಕಾರಲ್ಲಿ."

"ನಡೆದೇ ಹೋಗ್ತೀನಪ್ಪ. ಊಟ ಮಾಡಿದ್ರೆ ಆಮೇಲೆ ಹೋಗೋಕಾಗಲ್ಲ."

ಅವಳು ಹೋದ ಮೇಲೆ ಜಾನೆಲ್ ಐದು ತಟ್ಟೆ ಇಟ್ಟಳು. ಒಂದನ್ನು ತೆಗೆದಳು. ಮತ್ತೆ ಇಟ್ಟಳು. ಅಡುಗೆ ಏನೂ ಮಾಡಿರಲಿಲ್ಲ. ಮಗಳು ಏನು ತಿನ್ನುತ್ತಾಳೆಂದು ಕೇಳಿ ಮಾಡಬೇಕೆಂದಿದ್ದಳು. ನಾನು ಮೊಟ್ಟೆ ಹೊರಗಿಟ್ಟೆ. ಅಮ್ಮ ಸದ್ದಿಗೇ ಗುರುತಿಸಿ, "ಮತ್ತೆ ಮೊಟ್ಟೇನಾ," ಎಂದಳು. ಲೋವೆಲ್ ಕಿಟಕಿಯ ಬಳಿ ನಿಂತು ಹಿಮದಲ್ಲಿ ಮಗಳ ಹೆಜ್ಜೆ ಗುರುತು ಮುಚ್ಚಿಹೋಗುವುದನ್ನು ನೋಡುತ್ತಿದ್ದ.

ಐದೂವರೆಗೆ ಕ್ರಿಸ್ಟಾ ಬಂದಳು. ಕೈಯಲ್ಲಿ ಟವೆಲ್ ಸುತ್ತಿದ ಅದೇ ಗಾಜಿನ ಪಾತ್ರೆ. ಕಣ್ಣು ಊದಿತ್ತು. ತೋಳಿನ ಅಂಚು ಒದ್ದೆಯಾಗಿತ್ತು.

"ಒಳಗೆ ಕರೆದ್ರಾ?" ಎಂದಳು ಜಾನೆಲ್.

"ಹೂಂ."

"ಏನಂದ್ರು?"

"ಮುದುಕಮ್ಮನ ಕಾಲು ತೊಳೀತಾ ಇದ್ರು. ನಾನು ನೀರಿನ ಬೋಗುಣಿ ಹಿಡ್ಕೊಂಡೆ." ಪಾತ್ರೆಯನ್ನು ಮೇಜಿನ ಮೇಲಿಟ್ಟಳು. "ಹೊರಡೋವಾಗ, ನಮಗೆ ಜಾಸ್ತಿ ಆಯ್ತು ತಗೊಂಡ್ಹೋಗು ಅಂದ್ರು."

ಹಾಟ್‌ಡಿಶ್. ನಮಗೆಂದು ಮಾಡಿದ್ದಲ್ಲ. ಒಂದು ಮೂಲೆಯಿಂದ ಚೌಕವಾಗಿ ಕತ್ತರಿಸಿ ಬಡಿಸಿಯಾಗಿತ್ತು. ಹಿಲ್ಡಾಳ ಪಾಲಿರಬೇಕು. ಮೇಲೆ ಬೋಳು ಆಲೂಗಡ್ಡೆ ಸಾಲು. ಕತ್ತರಿಸಿದ ಜಾಗದಲ್ಲಿ ನೋಡಿದರೆ ಅದರ ಕೆಳಗೆ ಹಳದಿ ಚೀಸ್ ಕರಗಿ ಕೈಮಾಕ್ಕೆ ಇಳಿದಿತ್ತು.

ಐವರೂ ಕುಳಿತು ತಿಂದೆವು. ಅಮ್ಮ ಮೊದಲ ತುತ್ತಿಗೇ ಗುರುತು ಹಿಡಿದಳು. ಎರಡನೆಯ ತುತ್ತಿಗೆ, "ಬಚ್ಚಿಟ್ರೂ ಪರವಾಗಿಲ್ಲ, ಚೆನ್ನಾಗಿದೆ," ಎಂದಳು. ಜಾನೆಲ್ ಅವಳ ತಟ್ಟೆಗೆ ಇನ್ನೊಂದು ಚಮಚ ಹಾಕುತ್ತ, "ನಿಮ್ಮದೂ ಚೆನ್ನಾಗಿರುತ್ತೆ ಅತ್ತೆ," ಎಂದಳು. ಅಷ್ಟೇ. ಯಾರ ಮುಖವನ್ನೂ ನೋಡಿ ಹೇಳಲಿಲ್ಲ.

ಪಾತ್ರೆ ತೊಳೆಯುವ ಪಾಳಿ ನನ್ನದು. ಮಗುಚಿದೆ. ಪಟ್ಟಿ ಇರಲಿಲ್ಲ. ಹೆಸರಿದ್ದ ಜಾಗದಲ್ಲಿ ಅಂಟಿನ ಒಂದು ಆಯತ ಮಾತ್ರ ಇತ್ತು, ಅಂಚಿನಲ್ಲಿ ಉಗುರಿನಿಂದ ಕೆರೆದ ಗುರುತು. ಜಾನೆಲ್ ಬಂದು ಅದರ ಮೇಲೆ ಹೆಬ್ಬೆರಳು ಆಡಿಸಿದಳು.

"ಬಿಸಿಗೆ ಬಿಟ್ಟಿರ್ಬೇಕು," ಎಂದ ಲೋವೆಲ್.

"ಹೆಸರಿಲ್ಲ ಅಂದ್ರೆ ವಾಪಸ್ ಕೊಡ್ಬೇಕಾಗಿಲ್ಲ," ಎಂದಳು ಅಮ್ಮ. "ಇಟ್ಕೊಳ್ಳಿ ಅಂತ."

"ಅಥವಾ ಇನ್ನು ಬರ್ಬೇಡಿ ಅಂತ," ಎಂದಳು ಜಾನೆಲ್.

ಕ್ರಿಸ್ಟಾ ಟವೆಲ್ ಹಿಡಿದು ನಿಂತಿದ್ದಳು. ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒರೆಸತೊಡಗಿದಳು, ಮೂಲೆ ಮೂಲೆ. "ನಾನೇ ವಾಪಸ್ ಕೊಡ್ತೀನಿ," ಎಂದಳು. "ಖಾಲಿ ಕೊಡಬಾರದಲ್ಲ. ಏನು ಮಾಡೋಣಮ್ಮ?"

ಜಾನೆಲ್ ಬಾಗಿಲ ಹತ್ತಿರ ಹೋಗಿ ಚೀಲ ಎತ್ತಿಕೊಂಡಳು. ಈ ಸಲ ಕ್ರಿಸ್ಟಾ ಬೇಡವೆನ್ನಲಿಲ್ಲ.

ಇಷ್ಟು ನನಗೆ ಗೊತ್ತಿರುವುದು. ಓಪಲ್ ಆ ಪಟ್ಟಿಯನ್ನು ಯಾವ ಮನಸ್ಸಿನಿಂದ ಕಿತ್ತಳು ಎಂಬುದು ಗೊತ್ತಿಲ್ಲ. ಜಾನೆಲ್‌ಗೆ ನಿಜ ಯಾವಾಗ ತಿಳಿಯಿತು, ಬಾಗಿಲಲ್ಲೋ, ತೊಟ್ಟಿಯ ಹತ್ತಿರವೋ, ಆ ಬುಧವಾರ ಎರಡನೆಯ ಸಲ ಬಡಿಸಿಕೊಳ್ಳುವಾಗಲೋ, ಅದನ್ನೂ ನಾನು ಕೇಳಿಲ್ಲ.